ಯಂತ್ರತರ್ಕದ ವಿದ್ವತ್ಸಭೆಗಳು
(ಬಾನುಲಿ ಭಾಷಣ)

ವಿದ್ವಾಂಸರು ಮನೆಬಿಟ್ಟು ಬಂದು ಒಂದೆಡೆ ಕುಳಿತು ವಾದಿಸುವುದು ನಮ್ಮ ನಾಡಿಗೆ ಹೊಸದಲ್ಲ. ಗಣೇಶ ಚತುರ್ಥಿಯ ಸುಮಾರಿಗೆ ಶೃಂಗೇರಿಯಲ್ಲಿ ನಡೆಯುವ ವಾಕ್ಯಾರ್ಥ ಸಭೆಯಲ್ಲಿ ತರ್ಕ, ಮೀಮಾಂಸೆ, ವ್ಯಾಕರಣ, ವೇದಾಂತಗಳನ್ನು ಓದಿದವರು ಇಂದಿಗೂ ಸೇರುತ್ತಾರೆ. ಗ್ರಂಥಗಳನ್ನು ಮನೆಯಲ್ಲಿಯೇ ಓದಬಹುದು, ನಿಜ. ಆದರೆ ಓದಿದ್ದು ಎಷ್ಟರಮಟ್ಟಿಗೆ ದಕ್ಕಿದೆಯೆಂಬುದು ತಿಳಿಯುವುದು, ಎದುರಿಗೆ ಕುಳಿತವರು ಆಕ್ಷೇಪವನ್ನು ಎತ್ತಿದಾಗಲೇ.

ಗಣಕಯಂತ್ರಕ್ಕೆ ತರ್ಕವನ್ನು ಕಲಿಸಹೊರಟ ವಿದ್ವಾಂಸರಿಗೂ ಈ ಮಾತು ಅನ್ವಯಿಸುತ್ತದೆ. ಅವರ ಪ್ರಬಂಧಗಳು ಇಂದು ಬರೆದರೆ ಇಂದೇ ಭೂಮಿಯ ಇನ್ನೊಂದು ಮಗ್ಗುಲನ್ನು ಮುಟ್ಟಬಲ್ಲವು. ಆದರೂ ಅವರು ವರ್ಷವರ್ಷವೂ ಸಾವಿರಾರು ಮೈಲಿ ಪ್ರಯಾಣ ಮಾಡಿ ಸಭೆ ಸೇರುತ್ತಾರೆ. ಹೀಗೇಕೆ ಎಂಬುದೇ ಈ ಭಾಷಣದ ಪ್ರಶ್ನೆ.

ಮೊದಲಿಗೆ ಅವರ ಶಾಸ್ತ್ರದ ಪರಿಚಯ. ಸಾಮಾನ್ಯವಾಗಿ ಗಣಕಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಡಬೇಕು. ಲಾಜಿಕ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ ಹಾಗಲ್ಲ. ನಮಗೆ ತಿಳಿದ ಸಂಗತಿಗಳನ್ನೂ ನಿಯಮಗಳನ್ನೂ ಒಪ್ಪಿಸಿ ಪ್ರಶ್ನೆ ಕೇಳಿದರೆ ಸಾಕು. ದಶರಥನು ಅಜನ ಮಗ, ರಾಮನು ದಶರಥನ ಮಗ, ಮಗನ ಮಗನು ಮೊಮ್ಮಗ—ಇಷ್ಟನ್ನು ತಿಳಿಸಿ ‘ಅಜನ ಮೊಮ್ಮಗ ಯಾರು?’ ಎಂದರೆ ಯಂತ್ರವು ‘ರಾಮ’ ಎಂದು ತಾನೇ ಊಹಿಸಿ ಹೇಳುತ್ತದೆ. ಇದಕ್ಕೆ ಬೇಕಾದ ಅನುಮಾನಸೂತ್ರವೊಂದನ್ನು ಅಲನ್ ರಾಬಿನ್ಸನ್ 1965ರಲ್ಲಿ ಪ್ರಕಟಿಸಿದರು. 1971ರಲ್ಲಿ ಎಡಿನ್‌ಬರೋದಲ್ಲಿದ್ದ ರಾಬರ್ಟ್ ಕೊವಾಲ್‌ಸ್ಕಿಯವರು ಫ್ರಾನ್ಸಿನ ಮಾರ್ಸೇ ನಗರಕ್ಕೆ, ಅಲನ್ ಕಾಲ್ಮೆರೋವರ್ ಅವರಲ್ಲಿಗೆ ಹೋದರು. ಒಬ್ಬರಿಗೆ ತರ್ಕದಲ್ಲಿ ಆಸಕ್ತಿ, ಇನ್ನೊಬ್ಬರಿಗೆ ಮನುಷ್ಯಭಾಷೆಯನ್ನು ಯಂತ್ರಕ್ಕೆ ತಿಳಿಸುವುದರಲ್ಲಿ. 1972ರ ಹೊತ್ತಿಗೆ ಮಾರ್ಸೇಯಲ್ಲಿ ಪ್ರೋಲಾಗ್ ಎಂಬ ಯಂತ್ರಭಾಷೆ ಹುಟ್ಟಿತು. ಈ ಶಾಸ್ತ್ರದ ಹುಟ್ಟಿಗೇ ಒಂದು ಭೇಟಿ ಕಾರಣವಾಯಿತೆಂಬುದನ್ನು ಗಮನಿಸಬೇಕು.

ಈ ಶಾಸ್ತ್ರದ ಒಂದು ಸಿದ್ಧಾಂತವು ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. 1977ರಲ್ಲಿ ಫ್ರಾನ್ಸಿನ ತೂಲೂಸ್ ನಗರದಲ್ಲಿ ತರ್ಕವನ್ನೂ ದತ್ತಾಂಶಸಂಗ್ರಹವನ್ನೂ ಕುರಿತು ಒಂದು ಗೋಷ್ಠಿ ನಡೆಯಿತು. ಮರುವರ್ಷ ಹೊರಬಂದ ಅದರ ಪ್ರಬಂಧ ಸಂಪುಟದಲ್ಲಿ ಕೀತ್ ಕ್ಲಾರ್ಕ್ ಮತ್ತು ರೇಮಂಡ್ ರೈಟರ್ ಅವರ ಎರಡು ಲೇಖನಗಳಿವೆ. ಒಂದು ಮಾತನ್ನು ಸಾಧಿಸಲು ಯಂತ್ರವು ಎಲ್ಲ ಬಗೆಯಲ್ಲೂ ಯತ್ನಿಸಿ ಸೋತರೆ, ಆ ಮಾತು ಸುಳ್ಳೆಂದು ಎಣಿಸಬಹುದೇ? ಬಸ್‌ನಿಲ್ದಾಣದ ಹಲಗೆಯಲ್ಲಿ ಹತ್ತು ಗಂಟೆಗೆ ತೀರ್ಥಹಳ್ಳಿಯ ಬಸ್ಸು ಕಾಣದಿದ್ದರೆ ಬಸ್ಸು ಇಲ್ಲವೆಂದೇ ನಾವು ತಿಳಿಯುತ್ತೇವೆ. ಯಂತ್ರವೂ ಹಾಗೆಯೇ ತಿಳಿಯುತ್ತದೆ. ಆದರೆ ಹಲಗೆಯಲ್ಲಿ ಎಲ್ಲ ಬಸ್ಸುಗಳೂ ಬರೆದಿರಬೇಕು. ಖಾಸಗಿ ಬಸ್ಸುಗಳನ್ನು ಬರೆಯದೆ ಬಿಟ್ಟಿದ್ದರೆ ನಮ್ಮ ‘ಇಲ್ಲ’ ಎಂಬ ತೀರ್ಮಾನವು ಬೀಳುತ್ತದೆ. ತನಗೆ ತಿಳಿದುದೇ ಸರ್ವಸ್ವವೆಂದು ನಂಬುವ ಈ ಲೋಕವನ್ನು ರೈಟರ್ ಅವರು ‘ಮುಚ್ಚಿದ ಲೋಕ’ ಎಂಬರ್ಥದ ಹೆಸರಿನಿಂದ ಕರೆದರು.

ನಮ್ಮ ಶಾಸ್ತ್ರವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಕುಮಾರಿಲಭಟ್ಟರ ಪರಂಪರೆಯವರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ್ದಾರೆ. ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲವೆಂದು ತಿಳಿಯುತ್ತೇವೆ. ಆದರೆ ಅದಕ್ಕೊಂದು ಕಟ್ಟುಪಾಡುಂಟು: ಕೊಡವಿದ್ದಿದ್ದರೆ ಕಾಣಲೇಬೇಕಾದ ಸ್ಥಿತಿ ಇರಬೇಕು. ಕತ್ತಲೆಯಲ್ಲಿ ಕಾಣದ ಕೊಡವನ್ನು ಇಲ್ಲವೆನ್ನುವಂತಿಲ್ಲ. ಇದನ್ನೇ ‘ಯೋಗ್ಯಾನುಪಲಬ್ಧಿ’ ಎಂದರು. ಎರಡು ಶಾಸ್ತ್ರಗಳೂ ಒಂದೇ ಎಂದು ನನ್ನ ವಾದವಲ್ಲ. ‘ಇಲ್ಲ’ ಎನ್ನುವುದಕ್ಕೆ ಅಧಿಕಾರ ಬೇಕೆಂಬ ಎಚ್ಚರ ಮಾತ್ರ ಎರಡರಲ್ಲಿಯೂ ಇದೆ.

ವಿದ್ವಾಂಸನಿಗೂ ಈ ಎಚ್ಚರ ಬೇಕು. ತನ್ನ ಕೋಣೆಯಲ್ಲಿ ಕುಳಿತವನಿಗೆ ತಾನು ಓದಿದ ಹಾಳೆಗಳೇ ಲೋಕ. ತನ್ನ ಸಿದ್ಧಾಂತಕ್ಕೆ ಆಕ್ಷೇಪ ಹೊಳೆಯದಿದ್ದರೆ ಆಕ್ಷೇಪವೇ ಇಲ್ಲವೆಂದು ಅವನು ನಂಬುತ್ತಾನೆ. ಸಭೆಯು ಆ ಮುಚ್ಚಿದ ಲೋಕದ ಬಾಗಿಲನ್ನು ತೆರೆಯುತ್ತದೆ.

1982ರಲ್ಲಿ ಲಾಜಿಕ್ ಪ್ರೋಗ್ರಾಮಿಂಗಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವು ಮಾರ್ಸೇಯಲ್ಲೇ ಸೇರಿತು. 1984ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ, 1986ರಲ್ಲಿ ಲಂಡನ್ನಿನಲ್ಲಿ. ಆಗ ಈ ಶಾಸ್ತ್ರಕ್ಕೆ ಶುಕ್ರದೆಸೆ. ಜಪಾನ್ ಸರ್ಕಾರವು ತನ್ನ ‘ಐದನೆಯ ತಲೆಮಾರಿನ’ ಗಣಕಯಂತ್ರಗಳಿಗೆ ಇದನ್ನೇ ತಳಹದಿಯಾಗಿ ಆರಿಸಿಕೊಂಡು 1982ರಲ್ಲಿ ಹತ್ತು ವರ್ಷಗಳ ಯೋಜನೆಯನ್ನು ಕೈಗೊಂಡಿತು. ಯೋಜನೆ ಮುಗಿದಾಗ ಜಗತ್ತು ನಿರೀಕ್ಷಿಸಿದ್ದ ಅದ್ಭುತಗಳು ಕೈಗೂಡಿರಲಿಲ್ಲ, ಉತ್ಸಾಹ ಇಳಿಯಿತು. ಆದರೆ ಸಮ್ಮೇಳನಗಳು ನಿಲ್ಲಲಿಲ್ಲ. 2003ರ ಡಿಸೆಂಬರಿನಲ್ಲಿ ಅದು ಮುಂಬಯಿಗೂ ಬಂದಿತು. ಧನವೂ ಪ್ರಚಾರವೂ ಹಿಂದೆ ಸರಿದ ಮೇಲೂ ಶಾಸ್ತ್ರವೊಂದು ಉಳಿಯುವುದು, ಹೀಗೆ ಸೇರುತ್ತ ಬಂದವರಿಂದ.

ಇನ್ನೊಂದು ಶಾಖೆಯವರು ಬೇರೆಯೇ ಪ್ರಶ್ನೆಯನ್ನು ಹಿಡಿದರು. ಎಲ್ಲವನ್ನೂ ಒಂದೇ ಯಂತ್ರಕ್ಕೆ ಕಲಿಸುವುದೇಕೆ? ಅಲ್ಪಸ್ವಲ್ಪ ತಿಳಿದ ಹಲವು ಪ್ರೋಗ್ರಾಮುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಕೆಲಸ ಸಾಧಿಸಲಾರವೇ? ಹೀಗೆ ಸ್ವತಂತ್ರವಾಗಿ ವ್ಯವಹರಿಸುವ ಪ್ರೋಗ್ರಾಮಿಗೆ ಏಜೆಂಟ್ ಎಂದು ಹೆಸರು. 1980ರಲ್ಲಿ ರೀಡ್ ಸ್ಮಿತ್ ಅವರು ಸೂಚಿಸಿದ ವಿಧಾನವು ನಮ್ಮ ಟೆಂಡರಿನಂತೆಯೇ ಇದೆ: ಒಂದು ಏಜೆಂಟು ಕೆಲಸವನ್ನು ಸಾರುತ್ತದೆ, ಉಳಿದವು ತಮ್ಮ ಶಕ್ತ್ಯನುಸಾರ ಕರಾರು ಒಡ್ಡುತ್ತವೆ, ಯೋಗ್ಯವಾದುದಕ್ಕೆ ಗುತ್ತಿಗೆ ಸಲ್ಲುತ್ತದೆ. ಈ ಶಾಖೆಯ ಬೇರೆ ಬೇರೆ ಸಭೆಗಳು ಒಂದುಗೂಡಿ 2002ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಮೊದಲ ಸಂಯುಕ್ತ ಸಮ್ಮೇಳನವಾಯಿತು. 2010ರಲ್ಲಿ ಟೊರಾಂಟೋದಲ್ಲಿ ಸೇರಿದಾಗ ಚೌಕಾಶಿ ಮಾಡುವ ಪ್ರೋಗ್ರಾಮುಗಳ ಸ್ಪರ್ಧೆಯೂ ಮೊದಲಾಯಿತು. ವಿದ್ವಾಂಸರ ಜೊತೆಗೆ ಅವರ ಪ್ರೋಗ್ರಾಮುಗಳೂ ವಾದಕ್ಕೆ ಇಳಿದಂತಾಯಿತು.

ಸಭೆಯ ಕ್ರಮ ಸರಳವಾದುದು. ತಿಂಗಳುಗಳ ಮೊದಲೇ ಪ್ರಬಂಧವನ್ನು ಕಳುಹಿಸಬೇಕು. ಹೆಸರು ತಿಳಿಸದ ಪರೀಕ್ಷಕರು ತೂಗಿ ನೋಡುತ್ತಾರೆ. ಹಲವು ಪ್ರಬಂಧಗಳು ಹಿಂದಿರುಗುತ್ತವೆ. ಒಪ್ಪಿತವಾದರೆ ಸಭೆಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಮಾತು, ಆಮೇಲೆ ನಾಲ್ಕೈದು ನಿಮಿಷ ಪ್ರಶ್ನೆ. ಆ ನಾಲ್ಕೈದು ನಿಮಿಷಗಳಲ್ಲೇ ಸಭೆಯ ಪ್ರಾಣವಿದೆ. ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನರಸುವ ವಾದವೂ, ಗೆಲುವನ್ನೇ ಬಯಸುವ ಜಲ್ಪವೂ, ಸ್ವಪಕ್ಷವೇ ಇಲ್ಲದೆ ಪರರನ್ನು ಕೆಡಹುವ ವಿತಂಡವೂ ಈ ಸಭೆಗಳಲ್ಲಿ ಕಾಣಸಿಗುತ್ತವೆ. ಕಾಫಿಯ ಲೋಟ ಹಿಡಿದು ಮೊಗಸಾಲೆಯಲ್ಲಿ ನಿಂತಾಗ ಜಲ್ಪವು ಎಷ್ಟೋ ವೇಳೆ ವಾದವಾಗಿ ತಿಳಿಯಾಗುವುದುಂಟು.

ಆದರೆ ಸಭೆಗೆ ಯಾರು ಬಂದರೆಂಬುದನ್ನು ನೋಡಿದಂತೆಯೇ ಯಾರು ಬರಲಿಲ್ಲವೆಂಬುದನ್ನೂ ನೋಡಬೇಕು. ಪ್ರವೇಶಶುಲ್ಕ, ವಿಮಾನದ ಖರ್ಚು, ವೀಸಾ—ಇವುಗಳನ್ನು ದಾಟಲು ಜಿಲ್ಲಾಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿಗೆ ಸುಲಭವಲ್ಲ. ಅವಳ ವಿಚಾರ ಸಭೆಯ ಕಿವಿಗೆ ಬೀಳದಿದ್ದರೆ ಆ ವಿಚಾರವೇ ಇಲ್ಲವೆಂದು ಸಭೆಯು ಎಣಿಸುತ್ತದೆ. ಒಬ್ಬೊಬ್ಬರ ಮುಚ್ಚಿದ ಲೋಕವನ್ನು ತೆರೆಯಬೇಕಾದ ಸಭೆಯೇ ದೊಡ್ಡದೊಂದು ಮುಚ್ಚಿದ ಲೋಕವಾಗುತ್ತದೆ.

ಈ ವಿದ್ವಾಂಸರಿಗೆ ಇದು ತಿಳಿಯದ ಸಂಗತಿಯಲ್ಲ. 1999ರಲ್ಲಿ ಲಾಜಿಕ್ ಪ್ರೋಗ್ರಾಮಿಂಗಿನ ಪತ್ರಿಕೆಯ ಐವತ್ತು ಮಂದಿ ಸಂಪಾದಕರೂ ಒಟ್ಟಿಗೆ ರಾಜೀನಾಮೆ ಕೊಟ್ಟರು. ಗ್ರಂಥಾಲಯಗಳು ತೆರಬೇಕಾದ ಚಂದಾ ಅತಿಯಾಯಿತೆಂದು ಪ್ರಕಾಶಕರೊಡನೆ ಹದಿನಾರು ತಿಂಗಳು ನಡೆಸಿದ ಮಾತುಕತೆ ಫಲಿಸದಿದ್ದುದೇ ಕಾರಣ. ಅವರು ಆರಂಭಿಸಿದ ಹೊಸ ಪತ್ರಿಕೆ 2001ರಲ್ಲಿ ಹೊರಬಂದಿತು. 2020ರಲ್ಲಿ ಮಹಾಮಾರಿಯ ಕಾರಣದಿಂದ ಎರಡು ಶಾಖೆಗಳ ಸಭೆಗಳೂ ಪರದೆಯ ಮೇಲೆ ನಡೆದವು. ಮೊಗಸಾಲೆಯ ಮಾತು ತಪ್ಪಿತು. ಆದರೆ ಮನೆಯಿಂದ ಕದಲಲಾರದವರಿಗೂ ಸಭೆಯನ್ನು ಕೇಳುವುದು ಸಾಧ್ಯವಾಯಿತು. ಒಂದರ ಲಾಭವನ್ನು ಉಳಿಸಿಕೊಂಡು ಇನ್ನೊಂದರ ನಷ್ಟವನ್ನು ತುಂಬುವ ಬಗೆಯನ್ನು ಸಭೆ ನಡೆಸುವವರು ಹುಡುಕಬೇಕು.

‘ಈ ವಿಷಯದಲ್ಲಿ ಇದುವರೆಗೆ ಯಾರೂ ಕೆಲಸ ಮಾಡಿಲ್ಲ’ ಎಂಬ ವಾಕ್ಯವು ಪ್ರಬಂಧಗಳಲ್ಲಿ ಬಹಳ ಸಲೀಸಾಗಿ ಬರುತ್ತದೆ. ಅದನ್ನು ಬರೆಯುವ ಮೊದಲು, ಒಪ್ಪುವ ಮೊದಲು, ನಮ್ಮ ಹಿರಿಯರು ಕೊಡದ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಅಂಥ ಕೆಲಸ ಇದ್ದಿದ್ದರೆ ಅದು ನಮಗೆ ಕಾಣುವಷ್ಟು ಬೆಳಕು ಅಲ್ಲಿತ್ತೇ?