ದುಡಿದ ದುಡ್ಡು ಕೈಗೆ ಬರಲಿ



ಪೀಣ್ಯ ಕೈಗಾರಿಕಾ ಪ್ರದೇಶದ ಓಣಿಗಳಲ್ಲಿ ಬೆಳಗಾಗುವುದೇ ಲೇತ್ ಯಂತ್ರದ ಸದ್ದಿನಿಂದ. ಒಂದು ಷೆಡ್ಡು, ಎರಡು ಯಂತ್ರ, ನಾಲ್ಕು ಕೆಲಸಗಾರರು. ಕಡೆದ ಬುಷ್‌ಗಳಿಗೆ ಎಣ್ಣೆ ಸವರಿ, ಕಾಗದ ಸುತ್ತಿ ಟೆಂಪೊಗೆ ಏರಿಸಿದ್ದಾಯಿತು. ಹಣ ಮಾತ್ರ "ಮುಂದಿನ ತಿಂಗಳು ನೋಡೋಣ". ಅಷ್ಟರಲ್ಲಿ ಬಾಡಿಗೆ, ಕರೆಂಟ್ ಬಿಲ್ಲು, ಸಂಬಳ ಬಾಗಿಲಿಗೆ ಬಂದಿರುತ್ತವೆ.

ಬಾಕಿ ಕೇಳುವುದು ಬೇಡುವುದಲ್ಲ, ಹಕ್ಕು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ, ಸಣ್ಣ ಉದ್ಯಮದ ಮಾಲು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರಿಗೆ ಸರ್ಕಾರದ ಜಾಲತಾಣವಿದೆ.

ದೂರು ಕೊಡಲು ಸರ್ಕಾರದ 'ಉದ್ಯಮ್' ನೋಂದಣಿ ಬೇಕು. ಅದು ಪೂರ್ತಿ ಉಚಿತ. ಮಧ್ಯವರ್ತಿಗೆ ಬಿಡಿಗಾಸೂ ಕೊಡಬೇಡಿ. ಮಾಲು ಕಳಿಸುವ ಮೊದಲೇ ನೋಂದಣಿ ಮಾಡಿಸಿಟ್ಟುಕೊಳ್ಳಿ. ಬಾಯಿಮಾತಿನ ಆರ್ಡರ್ ನಂಬಬೇಡಿ. ಡೆಲಿವರಿ ಚಲನ್ ಮೇಲೆ ಸಹಿ, ಸೀಲು, ತಾರೀಖು ಹಾಕಿಸದೆ ಟೆಂಪೊ ಹಿಂದಿರುಗದಿರಲಿ. ನಾಳೆ ನಿಮ್ಮ ಪರವಾಗಿ ಮಾತಾಡುವುದು ಆ ಚೀಟಿಯೇ.

ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಕೂತವರಿಗೂ ಒಂದು ವಿನಂತಿ. ನಿಮ್ಮ ಮೇಜಿನ ಮೇಲಿರುವ ಸಣ್ಣ ಬಿಲ್ಲೊಂದನ್ನು ಇವತ್ತೇ ಪಾಸು ಮಾಡಿ. ಅದರಲ್ಲಿ ನಾಲ್ಕು ಮನೆಗಳ ಒಲೆ ಉರಿಯುತ್ತದೆ.