ಸ್ವರಲಿಪಿಯಲ್ಲಿ ಇಟಲಿಯ ಕ್ರಿಯಾಪದಗಳು

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ತೆರೆದು ನೋಡಿದರೆ, ಸ್ವರಗಳ ಮೇಲೂ ಕೆಳಗೂ ಇಟಲಿಯ ಮಾತುಗಳು ಕಾಣುತ್ತವೆ. 17ನೆಯ ಶತಮಾನದಲ್ಲಿ ಇಟಲಿಯ ವಾಗ್ಗೇಯಕಾರರು ತಮ್ಮ ನುಡಿಯಲ್ಲಿ ಬರೆದ ಸೂಚನೆಗಳು ಯೂರೋಪಿನಲ್ಲೆಲ್ಲ ಹಬ್ಬಿ ರೂಢಿಯಾದವು. ನಾವು ಅವನ್ನು ಪರಿಭಾಷೆಯೆಂದು ಬಾಯಿಪಾಠಮಾಡುತ್ತೇವೆ. ಇಟಲಿಯವರಿಗಾದರೋ ಅವು ದಿನಬಳಕೆಯ ಕ್ರಿಯಾಪದಗಳು.

ಮಗು ಬೆಳೆಯುತ್ತಿದೆ ಎನ್ನಬೇಕಾದರೆ ಅಲ್ಲಿನ ತಾಯಿ ‘ಸ್ತಾ ಕ್ರೆಶೆಂದೊ’ ಎನ್ನುತ್ತಾಳೆ. ಸ್ವರಲಿಪಿಯ ‘ಕ್ರೆಶೆಂದೊ’ ಇದೇ ಮಾತು. ‘ಕ್ರೆಶೆರೆ’ ಎಂದರೆ ಬೆಳೆಯುವುದು. ಅದರ ಕೊನೆಗೆ ‘ಎಂದೊ’ ಬಂದರೆ, ನಮ್ಮಲ್ಲಿ ‘ಉತ್ತ’ ಬಂದ ಹಾಗೆ, ‘ಬೆಳೆಯುತ್ತ’ ಎಂದಾಗುತ್ತದೆ. ನಾದವು ಕುಗ್ಗುತ್ತ ಹೋಗಬೇಕಾದರೆ ‘ದಿಮಿನುಎಂದೊ’. ನಡೆಯು ನಿಧಾನವಾಗುತ್ತ ಹೋಗಬೇಕಾದರೆ ‘ರಾಲ್ಲೆಂತಾಂದೊ’.

ಇನ್ನು ಕೆಲವು ಮಾತುಗಳು ‘ತೊ’ ಎಂದು ಮುಗಿಯುತ್ತವೆ. ಇವು ಭೂತಕೃದಂತಗಳು. ‘ಲೆಗಾತೊ’ ಎಂದರೆ ಕಟ್ಟಿದ್ದು, ‘ಸ್ತಾಕ್ಕಾತೊ’ ಎಂದರೆ ಬೇರ್ಪಟ್ಟದ್ದು. ಹಗ್ಗದಿಂದ ಕಟ್ಟಿದ ಗಂಟನ್ನೂ ಅಂಗಿಯಿಂದ ಕಿತ್ತುಬಂದ ಗುಂಡಿಯನ್ನೂ ಇಟಲಿಯವರು ಇವೇ ಪದಗಳಿಂದ ಹೇಳುತ್ತಾರೆ. ‘ರಿತೆನೂತೊ’ ಎಂದರೆ ತಡೆದದ್ದು.

ಈ ಭೇದವು ಕೇವಲ ವೈಯಾಕರಣರಿಗೆ ಸೇರಿದ್ದಲ್ಲ. ‘ರಾಲ್ಲೆಂತಾಂದೊ’ ಎಂದಿದ್ದಲ್ಲಿ ವೇಗವು ಮೆಲ್ಲಮೆಲ್ಲನೆ ಇಳಿಯಬೇಕು. ‘ರಿತೆನೂತೊ’ ಎಂದಿದ್ದಲ್ಲಿ ಸಾಮಾನ್ಯವಾಗಿ ಒಡನೆಯೇ ತಗ್ಗಬೇಕು. ಒಂದು ನಡೆಯುತ್ತಿರುವ ಕ್ರಿಯೆ, ಇನ್ನೊಂದು ಆಗಿ ಮುಗಿದ ಸ್ಥಿತಿ.

ಇಂಗ್ಲಿಷಿನಲ್ಲಿ ಗದ್ದಲವು ‘ಕ್ರೆಶೆಂದೊ’ ಮುಟ್ಟಿತು ಎಂದು ಶಿಖರದ ಅರ್ಥದಲ್ಲಿ ಬರೆಯುವುದುಂಟು. ಮಾತಿನಲ್ಲಿ ಇದರಿಂದ ಹಾನಿಯಿಲ್ಲ. ವಾದ್ಯದ ಮುಂದೆ ಹಾನಿಯುಂಟು. ಆ ಪದವನ್ನು ಕಂಡೊಡನೆ ಜೋರಾಗಿ ನುಡಿಸಿದವನಿಗೆ ಮುಂದೆ ಬೆಳೆಯಲು ಎಡೆಯೇ ಉಳಿಯುವುದಿಲ್ಲ. ಆ ಪದವಿರುವ ಕಡೆ ನಾದವು ಇನ್ನೂ ಸಣ್ಣದಾಗಿರಬೇಕು. ಫ್ರಾನ್ಸಿನ ಮಾರಿಸ್ ರಾವೆಲನು 1928ರಲ್ಲಿ ರಚಿಸಿದ ‘ಬೊಲೇರೊ’ ಇದಕ್ಕೆ ಒಳ್ಳೆಯ ನಿದರ್ಶನ. ಕಿವಿಗೆ ಕೇಳಿಯೂ ಕೇಳದಂಥ ಸಣ್ಣ ಮದ್ದಳೆಯ ಪೆಟ್ಟಿನಿಂದ ಮೊದಲಾಗಿ, ವೇಗವು ಬದಲಾಗದೆ, ಸುಮಾರು ಕಾಲು ಗಂಟೆಯವರೆಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಮೊದಲಲ್ಲೇ ಅಬ್ಬರಿಸಿದರೆ ಆ ಕೃತಿಯೇ ಇಲ್ಲ.

ಆದಕಾರಣ ಪಾಶ್ಚಾತ್ಯ ವಾದ್ಯವನ್ನು ಅಭ್ಯಾಸಮಾಡುವ ನಮ್ಮ ಮಕ್ಕಳಿಗೆ ಅರ್ಥದ ಪಟ್ಟಿಯೊಂದನ್ನೇ ಕೊಟ್ಟರೆ ಸಾಲದು. ಪದದ ಕೊನೆಯನ್ನು ನೋಡುವುದನ್ನೂ ಕಲಿಸೋಣ. ‘ಬೆಳೆಯುತ್ತ’ ಎಂಬುದಕ್ಕೂ ‘ಬೆಳೆದ’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ಮಗು ಆಗಲೇ ಬಲ್ಲುದು. ಅದನ್ನು ಕೈಬೆರಳಿಗೆ ಮುಟ್ಟಿಸುವುದಷ್ಟೇ ಉಳಿದ ಕೆಲಸ.