ಅಂಗಡಿ ಬಾಗಿಲಿಗಿಂತ ಮೊದಲು ಲೆಕ್ಕದ ಪುಸ್ತಕ

(ನಮ್ಮ ವೇದಿಕೆಯ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸ ಇಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದವನು ನಾನು, ಇಲ್ಲಿ ಕಟ್ಟಡಗಳಲ್ಲಿ ವೈರಿಂಗ್ ಕೆಲಸ. ನಮ್ಮಲ್ಲಿ ಸುಮಾರು ಜನ "ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗಿ ಏನಾದ್ರೂ ಸ್ವಂತದ್ದು ಮಾಡ್ತೀನಿ" ಅಂತಿರ್ತೀವಿ. ಆ "ಏನಾದ್ರೂ" ಅನ್ನೋ ಪದ ನನಗೆ ಒಮ್ಮೆ ಬಹಳ ದುಬಾರಿಯಾಯಿತು. ಅದನ್ನೇ ಹೇಳ್ತೀನಿ.

ಜಪಾನಿಗೆ ಬರೋ ಮೊದಲು ತಿಪಟೂರು ಕಡೆ ನಾನೊಂದು ಮೋಟರ್ ರಿವೈಂಡಿಂಗ್ ಅಂಗಡಿ ಹಾಕಿದ್ದೆ. ಫೆಬ್ರವರಿಯಲ್ಲಿ ಪೂಜೆ. ಬೇಸಿಗೆ, ವೋಲ್ಟೇಜ್ ಕಡಿಮೆ, ತೆಂಗಿನ ತೋಟಕ್ಕೆ ನೀರು ಬೇಕೇ ಬೇಕು. ಬೋರ್‌ವೆಲ್ ಮೋಟರ್‌ಗಳು ಸಾಲಾಗಿ ಸುಟ್ಟು ಬಂದವು. ಕೈ ತುಂಬ ಕೆಲಸ. ಊರವರೆಲ್ಲ "ಹುಡುಗ ಮೇಲೆ ಬಂದ" ಅಂದರು. ನಾನೂ ನಂಬಿದೆ.

ಒಂದು ಮೋಟರ್‌ಗೆ ತಾಮ್ರದ ವೈರು, ವಾರ್ನಿಷ್, ಬೇರಿಂಗ್ ಸೇರಿ 3,500 ರೂಪಾಯಿ ನನ್ನ ಕೈಯಿಂದ ಹೋಗ್ತಿತ್ತು. ರೈತರಿಗೆ ಹಾಕ್ತಿದ್ದ ಬಿಲ್ಲು 5,000. ತಿಂಗಳಿಗೆ 20 ಮೋಟರ್‌ನಷ್ಟು ಸಾಲದ ಕೆಲಸ. "ಕೊಬ್ಬರಿ ಮಾರಿದ ಮೇಲೆ ಕೊಡ್ತೀನಪ್ಪ" ಅಂತ ಹೇಳಿ ಒಯ್ತಿದ್ದರು. ಅವರದ್ದು ಸುಳ್ಳಲ್ಲ. ಆದರೆ ತೆಂಗಿನಕಾಯಿ ಅಟ್ಟ ಸೇರಿ ಉಂಡೆ ಕೊಬ್ಬರಿ ಆಗೋಕೆ ಒಂಬತ್ತು ಹತ್ತು ತಿಂಗಳಾದರೂ ಬೇಕು. ತಾಮ್ರದ ವೈರಿನ ಅಂಗಡಿಯವರು ಹತ್ತು ದಿನ ಕಾಯೋದೇ ಕಷ್ಟ.

ನಾಲ್ಕು ತಿಂಗಳಿಗೆ 80 ಮೋಟರ್. ನನ್ನ ಪುಸ್ತಕದಲ್ಲಿ ಲಾಭ 1,20,000. ಕೈಯಿಂದ ಹೋಗಿದ್ದು 2,80,000. ಮಳೆ ಹಿಡೀತು, ಮೋಟರ್ ಸುಡೋದು ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಅಮ್ಮನ ಸರ ಅಡವಿಗೆ ಹೋಯಿತು. ವರ್ಷ ತುಂಬೋ ಮೊದಲೇ ಬಾಗಿಲು ಹಾಕಿದೆ. ನನ್ನ ಕೈಕೆಲಸದಲ್ಲಿ ತಪ್ಪಿರಲಿಲ್ಲ, ರೈತರಲ್ಲೂ ಮೋಸ ಇರಲಿಲ್ಲ. ಕೊಬ್ಬರಿಯ ಕ್ಯಾಲೆಂಡರೂ ವೈರಿನ ಕ್ಯಾಲೆಂಡರೂ ಬೇರೆ ಬೇರೆ ಅನ್ನೋದನ್ನ ನಾನು ಮೊದಲೇ ಬರೆದು ನೋಡಿರಲಿಲ್ಲ, ಅಷ್ಟೇ. ಒಂದು ಹಾಳೆ, ಒಂದು ಸಂಜೆ ಸಾಕಾಗ್ತಿತ್ತು.

ಇಲ್ಲಿಗೆ ಬಂದ ಮೇಲೆ ನಮ್ಮ ಮೇಸ್ತ್ರಿ ಒಂದು ಮಾತು ಹೇಳಿಕೊಟ್ಟರು: "ದಂದೋರಿ ಹಾಚಿಬು, ಶಿಗೊತೊ ನಿಬು." ಸಿದ್ಧತೆ ಎಂಟು ಪಾಲು, ಕೆಲಸ ಎರಡು ಪಾಲು ಅಂತ. ನಾನು ಅಂಗಡಿ ಹಾಕಿದಾಗ ದಂಡೋರ ಹೊಡೆಸಿದ್ದೆ, ದಂದೋರಿ ಮಾಡಿರಲಿಲ್ಲ!

ಈಗ ಮತ್ತೆ ಅದೇ ಅಂಗಡಿಯ ಯೋಜನೆ ಬರೀತಿದ್ದೀನಿ. ಹೇಗೆ ಅಂತ ಹೇಳ್ತೀನಿ, ನಿಮ್ಮ ಕಸುಬಿಗೆ ಹೊಂದಿಸಿಕೊಳ್ಳಿ.

ಮೊದಲನೆಯದು, ಗಿರಾಕಿಯನ್ನು ಕೇಳೋದು. ಕಳೆದ ರಜೆಯಲ್ಲಿ ಊರಿನ ಹತ್ತು ಹದಿನೈದು ತೋಟಕ್ಕೆ ಹೋದೆ. "ಅಂಗಡಿ ಹಾಕಿದ್ರೆ ಬರ್ತೀರಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಕಾಫಿ ಕೊಟ್ಟು "ಬರ್ತೀವಿ" ಅಂತಾರೆ. "ಹೋದ ಸಲ ಮೋಟರ್ ಸುಟ್ಟಾಗ ಎಲ್ಲಿಗೆ ಒಯ್ದಿರಿ, ಎಷ್ಟು ದಿನ ಆಯ್ತು, ದುಡ್ಡು ಯಾವಾಗ ಕೊಟ್ಟಿರಿ?" ಅಂತ ಕೇಳಿದೆ. ಗೊತ್ತಾಗಿದ್ದೇನಂದ್ರೆ, ಅವರಿಗೆ ರೇಟಿಗಿಂತ ದಿನ ಮುಖ್ಯ. ಎರಡೇ ದಿನದಲ್ಲಿ ಮೋಟರ್ ಕೊಡೋದಾದರೆ ವೈರಿನ ದುಡ್ಡು ಮುಂಗಡ ಕೊಡೋಕೆ ಹೆಚ್ಚಿನವರು ಒಪ್ಪಿದರು. ಹಾಗಾಗಿ ಮುಂಗಡ ಇಲ್ಲದೆ ಮೋಟರ್ ಬಿಚ್ಚೋದಿಲ್ಲ ಅಂತ ಬರ್ಕೊಂಡೆ. ಬಾಕಿ 60,000 ದಾಟಿದ ದಿನ ಹೊಸ ಸಾಲ ಬಂದ್, ಅಣ್ಣನೇ ಬಂದು ಕೇಳಿದರೂ!

ಎರಡನೆಯದು, ಕಾಗದ ಪತ್ರ. ಐಟಿಐ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ವೈರಿಂಗ್ ಗುತ್ತಿಗೆ ಹಿಡಿಯೋಕಾಗಲ್ಲ, ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಯಾರಾದ್ರೂ ದುಡ್ಡು ಕೇಳಿದರೆ ಕೊಡಬೇಡಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಸಾಲದ ಜೊತೆ ಸಹಾಯಧನ ಉಂಟು, ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಅಂಗಡಿ ತೆರೆದು ಆಮೇಲೆ ಅರ್ಜಿ ಹಾಕಿದರೆ ಸಿಗಲ್ಲ. ತರಬೇತಿ ಬೇಕಾದವರಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ. ಅದರ ಮಾದರಿಯಲ್ಲೇ ಬ್ಯಾಂಕುಗಳು ಈಗ ಜಿಲ್ಲೆಗಳಲ್ಲಿ ಊಟ ವಸತಿ ಸಮೇತ ಉಚಿತ ತರಬೇತಿ ಕೊಡ್ತಾವೆ.

ಇಲ್ಲೇ ಜಪಾನಿನಲ್ಲಿ ಶುರು ಮಾಡ್ತೀನಿ ಅನ್ನೋರಿಗೂ ಒಂದು ಮಾತು. ನಮ್ಮಂಥವರ ಕೆಲಸದ ವೀಸಾದಲ್ಲಿ ಸ್ವಂತ ಉದ್ಯಮ ನಡೆಸೋಕಾಗಲ್ಲ. ಉದ್ಯಮ ನಿರ್ವಹಣೆಯ ವೀಸಾಗೆ ಮೊದಲು 50 ಲಕ್ಷ ಯೆನ್ ಬಂಡವಾಳ ತೋರಿಸಿದರೆ ಆಗ್ತಿತ್ತು, 2025ರ ಅಕ್ಟೋಬರ್ 16ರಿಂದ ಅದು 3 ಕೋಟಿ ಯೆನ್. ಎಲೆಕ್ಟ್ರಿಕಲ್ ಕೆಲಸಕ್ಕಾದರೆ ಎರಡನೇ ದರ್ಜೆಯ ದೆಂಕಿ ಕೋಜಿಶಿ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಸಿಕ್ಕಿದ ಮೇಲೆ ಮೂರು ವರ್ಷದ ಅನುಭವ ಆದರೇನೇ ಅಂಗಡಿಯ ಮುಖ್ಯ ಎಲೆಕ್ಟ್ರಿಷಿಯನ್ ಆಗಬಹುದು. ಇದನ್ನ ತಿಳಿಯದೆ ಯಾರ ಹತ್ತಿರಾನೂ ಪಾಲುದಾರಿಕೆಗೆ ದುಡ್ಡು ಕೊಡಬೇಡಿ.

ಮೂರನೆಯದು ದುಡ್ಡಿನ ಪಟ್ಟಿ. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಹಾಕಿ. ಬಿಲ್ ಆದ ದುಡ್ಡು ಬರೀಬೇಡಿ, ಕೈಗೆ ಬರೋ ತಿಂಗಳಲ್ಲಿ ಮಾತ್ರ ಬರೀರಿ. ನನ್ನ ಪಟ್ಟಿಯಲ್ಲಿ ಯಂತ್ರ, ಸಾಮಾನು 3,00,000, ಅಂಗಡಿ ಅಡ್ವಾನ್ಸು, ಬಾಡಿಗೆ 1,00,000, ವೈರಿಗೆ ಕೈಯಲ್ಲಿರಬೇಕಾದ ನಗದು 1,50,000. ಒಟ್ಟು ಐದೂವರೆ ಲಕ್ಷ. ಬರೋ ಫೆಬ್ರವರಿ ಹೊತ್ತಿಗೆ ನನ್ನ ಹತ್ತಿರ ಆರು ಲಕ್ಷ ಇರುತ್ತೆ. ಖುಷಿಯಿಂದ ಪಟ್ಟಿಯ ಫೋಟೋ ಮನೆಗೆ ಕಳಿಸಿದೆ.

ನನ್ನ ಹೆಂಡತಿ ಫೋನ್ ಮಾಡಿ ಒಂದೇ ಮಾತು ಕೇಳಿದಳು: "ಇದರಲ್ಲಿ ನಮ್ಮ ಊಟ ಎಲ್ಲಿ ಬರೆದಿದ್ದೀರಿ?"

ಬರೆದಿರಲಿಲ್ಲ. ಮಳೆ ಹಿಡಿದ ಜೂನ್‌ನಿಂದ ಜನವರಿವರೆಗೆ ಎಂಟು ತಿಂಗಳು ಕೆಲಸ ಕಡಿಮೆ. ಮನೆಗೆ ತಿಂಗಳಿಗೆ 25,000 ಅಂದರೂ ಎರಡು ಲಕ್ಷ ಬೇಕು. ಒಟ್ಟು ಏಳೂವರೆ ಲಕ್ಷ ಆಯಿತು. ನನ್ನ ಹತ್ತಿರ ಒಂದೂವರೆ ಲಕ್ಷ ಕಡಿಮೆ. ಬೇಸಿಗೆ ತಪ್ಪಿದರೆ ಮತ್ತೆ ಬೇಸಿಗೆಗೇ ಕಾಯಬೇಕು. ಅಂದರೆ ಇನ್ನೊಂದು ವರ್ಷ ಇಲ್ಲೇ.

ಮಗಳು ಒಂದನೇ ಕ್ಲಾಸಿಗೆ ಸೇರೋ ದಿನ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ. ಆ ಮಾತು ತಪ್ಪುತ್ತೆ. ಈ ಲೆಕ್ಕ ಬರೆದಿದ್ದಕ್ಕೆ ನನಗೆ ಸಂತೋಷ ಏನೂ ಆಗಲಿಲ್ಲ. ಆದರೆ ಮತ್ತೊಮ್ಮೆ ಮನೆಯ ಒಡವೆ ಅಡವಿಟ್ಟು ಮಗಳ ಮುಂದೆ ತಲೆ ತಗ್ಗಿಸೋದಕ್ಕಿಂತ ಇದು ವಾಸಿ ಅಂತ ನಾವಿಬ್ಬರೂ ಒಪ್ಪಿಕೊಂಡೆವು. ಹೆಂಡತಿ ಈಗ ಲೆಕ್ಕ ಬರೆಯೋಕೆ ಕಲೀತಿದ್ದಾಳೆ. ಅಂಗಡಿ ಪುಸ್ತಕ ಅವಳದ್ದೇ, ಸಾಲ ಕೊಡೋ ಬಿಡೋ ಮಾತೂ ಅವಳದ್ದೇ.

ಅಣ್ಣತಮ್ಮಂದಿರೇ, ಸ್ವಂತ ಕೆಲಸ ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಮಾಡಿ. ಕಾಗದದ ಮೇಲೆ ಸೋತರೆ ಒಂದು ಹಾಳೆ ಹರಿದು ಹಾಕಬಹುದು. ಅಂಗಡಿ ಹಾಕಿ ಸೋತರೆ ಹಾಗಲ್ಲ. ಇವತ್ತು ರೂಮಿಗೆ ಹೋದ ಮೇಲೆ ಹನ್ನೆರಡು ಸಾಲು ಹಾಕಿ, ಮೊದಲು ಮನೆ ಊಟದ ಖರ್ಚು ಬರೀರಿ. ಬರೆದಿದ್ದನ್ನ ಮನೆಯವರಿಗೆ ತೋರಿಸಿ.

 ಜೈ ಕರ್ನಾಟಕ.